ಓದು ತಲೆಗೆ ಹತ್ತುತ್ತಿಲ್ಲವೇ? ಗಂಟು ಎಲ್ಲಿದೆ ನೋಡೋಣ

"ಸರ, ಕ್ಲಾಸಿನ್ಯಾಗ ಕುಂತಾಗ ಎಲ್ಲ ತಿಳೀತೈತ್ರಿ. ರೂಮಿಗೆ ಹೋಗಿ ಬುಕ್ ತೆಗದ್ರ ಒಂದಕ್ಷರ ನೆನಪಿರಂಗಿಲ್ರಿ. ನನ್ನ ತಲಿನ ಇಷ್ಟ ಅನಸ್ತೈತ್ರಿ."

ಮೊದಲ ಇಂಟರ್ನಲ್ ಮುಗಿದ ವಾರ ನನ್ನ ಮೇಜಿನ ಮುಂದೆ ನಿಂತು ಈ ಮಾತು ಹೇಳುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ. ಸಿರುಗುಪ್ಪ ಕಡೆಯ ಹುಡುಗ ಇರಬಹುದು, ಮಾನ್ವಿಯ ಹುಡುಗಿ ಇರಬಹುದು, ಕುಷ್ಟಗಿಯ ತಾಂಡಾದಿಂದ ಬಂದವರಿರಬಹುದು. ಪಿಯುಸಿಯಲ್ಲಿ ಚೆನ್ನಾಗಿಯೇ ಪಾಸಾದವರು ಇವರು. ಇಷ್ಟು ವರ್ಷ ಪಾಠ ಮಾಡಿ ನಾನು ಕಂಡುಕೊಂಡದ್ದು ಇಷ್ಟೇ: ಕೆಟ್ಟಿರುವುದು ತಲೆಯಲ್ಲ, ಎಲ್ಲೋ ಒಂದು ಕಡೆ ಗಂಟು ಬಿದ್ದಿರುತ್ತದೆ. ಅದು ಬಸ್ಸಿನ ಗಂಟೋ, ಇಂಗ್ಲಿಷಿನದೋ, ನಿದ್ದೆಯದೋ, ಫೀಸಿನದೋ, ಮನಸ್ಸಿನದೋ ಎಂದು ಗೊತ್ತಾಗದೆ ಇನ್ನೂ ಎರಡು ತಾಸು ಹೆಚ್ಚು ಓದಿದರೆ ಗಂಟು ಬಿಗಿಯುತ್ತದೆಯೇ ಹೊರತು ಸಡಿಲಾಗುವುದಿಲ್ಲ.

ನಾನೂ ಇದನ್ನು ತಡವಾಗಿ ಕಲಿತೆ. ಒಂದು ವರ್ಷ ಮೆಣಸಿನಕಾಯಿ ಬಿಡಿಸುವ ಸುಗ್ಗಿಯಲ್ಲಿ ಒಬ್ಬ ವಿದ್ಯಾರ್ಥಿನಿ ಮೂರು ವಾರ ಕ್ಲಾಸಿಗೆ ಬರಲಿಲ್ಲ. ಬಂದ ದಿನ ಎಲ್ಲರೆದುರು ಗದರಿದೆ. ಅವಳು ಪರೀಕ್ಷೆ ಫೀಸು ಹೊಂದಿಸಲು ಕೂಲಿಗೆ ಹೋಗಿದ್ದಳೆಂದು ಗೊತ್ತಾಗುವ ಹೊತ್ತಿಗೆ ಅವಳು ಕಾಲೇಜಿಗೆ ಬರುವುದನ್ನೇ ನಿಲ್ಲಿಸಿದ್ದಳು. ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಈ ಲೇಖನ ಬರೆಯಲು ಅವಳೇ ಕಾರಣ.

ಮೊದಲ ಹೆಜ್ಜೆ: ಒಂದು ವಾರ ಇದ್ದದ್ದು ಇದ್ದ ಹಾಗೆ ಬರೆಯಿರಿ

ಸೋಮವಾರದಿಂದ ಭಾನುವಾರದವರೆಗೆ ಒಂದು ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ಪುಟ. ಎದ್ದದ್ದು ಎಷ್ಟಕ್ಕೆ, ಉಂಡದ್ದು ಏನು, ಬಸ್ ಸ್ಟ್ಯಾಂಡಿನಲ್ಲಿ ಕಾದದ್ದು ಎಷ್ಟು ಹೊತ್ತು, ಮೊಬೈಲ್ ಹಿಡಿದದ್ದು ಎಷ್ಟು ಹೊತ್ತು, ಪುಸ್ತಕದ ಮುಂದೆ ಕುಂತದ್ದು ಎಷ್ಟು, ಅದರಲ್ಲಿ ನಿಜವಾಗಿ ಓದಿದ್ದು ಎಷ್ಟು, ಮಲಗಿದ್ದು ಎಷ್ಟಕ್ಕೆ. ಯಾರಿಗೂ ತೋರಿಸಬೇಕಿಲ್ಲ, ಆದ್ದರಿಂದ ಸುಳ್ಳು ಬರೆಯುವ ಅಗತ್ಯವೂ ಇಲ್ಲ. ಮೊಬೈಲ್ ಸೆಟ್ಟಿಂಗ್ಸ್‌ನಲ್ಲಿ ದಿನಕ್ಕೆ ಎಷ್ಟು ತಾಸು ಬಳಸಿದಿರಿ ಎಂದು ಅದೇ ತೋರಿಸುತ್ತದೆ, ಅದನ್ನೇ ನೋಡಿ ಬರೆಯಿರಿ.

ಹಳ್ಳಿಯಿಂದ ದಿನಾ ಓಡಾಡುವ ಒಬ್ಬ ಹುಡುಗನ ಪುಟ ಹೀಗಿತ್ತು: ಬೆಳಿಗ್ಗೆ ಐದೂವರೆಗೆ ಎದ್ದು ಎಮ್ಮೆ ಕೆಲಸ, ಆರೂ ಮುಕ್ಕಾಲಿಗೆ ಬಸ್ಸು, ಮಧ್ಯಾಹ್ನ ಎರಡಕ್ಕೆ ಕ್ಲಾಸ್ ಮುಗಿದರೂ ಊರಿನ ಬಸ್ಸು ನಾಲ್ಕೂವರೆಗೆ, ಮನೆ ಸೇರಿದಾಗ ಆರು. ರಾತ್ರಿ ಎಂಟಕ್ಕೆ ಓದಲು ಕುಂತರೆ ಒಂಬತ್ತಕ್ಕೆ ತೂಕಡಿಕೆ. ನಿಜವಾದ ಓದು 40 ನಿಮಿಷ. ಅವನು ತನ್ನನ್ನು ದಡ್ಡ ಅಂದುಕೊಂಡಿದ್ದ. ಪುಟ ನೋಡಿದ ಮೇಲೆ ಇಬ್ಬರಿಗೂ ಕಂಡದ್ದು ಮಧ್ಯಾಹ್ನ ಎರಡರಿಂದ ನಾಲ್ಕೂವರೆಯವರೆಗಿನ ಖಾಲಿ ಹೊತ್ತು. ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಹೋಗುತ್ತಿದ್ದ ಆ ಎರಡೂವರೆ ತಾಸನ್ನು ಕಾಲೇಜಿನ ಲೈಬ್ರರಿಗೆ ತಂದ. ರಾತ್ರಿ ಓದುವುದನ್ನೇ ಬಿಡಲು ಹೇಳಿದೆ. ಮನೆಯವರಿಗೆ ಇದು ಸೋಮಾರಿತನದಂತೆ ಕಂಡಿತು, ಆದರೆ ಅವನ ಮುಂದಿನ ಇಂಟರ್ನಲ್ ಅವರ ಅನುಮಾನ ಕಳೆಯಿತು.

ಎರಡನೆಯದು: ಭಾಷೆಯ ಗಂಟನ್ನು ಬೇರೆಯಾಗಿ ನೋಡಿ

ನಮ್ಮ ಭಾಗದಲ್ಲಿ ಇದು ದೊಡ್ಡ ಗಂಟು. ಬಳ್ಳಾರಿ ಕಡೆ ಮನೆಯಲ್ಲಿ ತೆಲುಗು, ರಾಯಚೂರಿನ ಎಷ್ಟೋ ಓಣಿಗಳಲ್ಲಿ ಉರ್ದು, ತಾಂಡಾಗಳಲ್ಲಿ ಲಂಬಾಣಿ. ಶಾಲೆಯಲ್ಲಿ ಹತ್ತು ವರ್ಷ ಕನ್ನಡ. ಬಿಎಸ್ಸಿಗೋ ಬಿಕಾಂಗೋ ಬಂದ ದಿನ ಒಮ್ಮೆಲೇ ಇಂಗ್ಲಿಷ್. ವಿಷಯ ಗೊತ್ತಿದ್ದೂ ಬರೆಯಲು ಬಾರದವರನ್ನು ವಿಷಯವೇ ಗೊತ್ತಿಲ್ಲದವರ ಸಾಲಿಗೆ ಸೇರಿಸಿಬಿಡುತ್ತೇವೆ. ತಮ್ಮನ್ನು ತಾವೇ ಆ ಸಾಲಿಗೆ ಸೇರಿಸಿಕೊಳ್ಳುವವರೂ ಇದ್ದಾರೆ.

ಪರೀಕ್ಷಿಸುವುದು ಸುಲಭ. ಇವತ್ತಿನ ಪಾಠವನ್ನು ಗೆಳೆಯನಿಗೆ ನಿಮ್ಮ ಮನೆಮಾತಿನಲ್ಲಿ ಹೇಳಿ. ಹೇಳಲು ಬಂದರೆ ವಿಷಯ ತಲೆಗೆ ಹೋಗಿದೆ, ಗಂಟು ಇರುವುದು ಭಾಷೆಯಲ್ಲಿ. ಮನೆಮಾತಿನಲ್ಲೂ ತಡವರಿಸಿದರೆ ವಿಷಯದಲ್ಲೇ ಕೊರತೆ ಇದೆ, ಪಿಯುಸಿ ಪುಸ್ತಕದಿಂದ ಮತ್ತೆ ಶುರು ಮಾಡಬೇಕು. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಭಾಷೆಯ ಗಂಟಾದರೆ ಪ್ರತಿ ಪಾಠದಿಂದ ಹದಿನೈದು ಪಾರಿಭಾಷಿಕ ಪದಗಳನ್ನು ಆರಿಸಿ. ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ನಿಮ್ಮದೇ ಮಾತಿನಲ್ಲಿ ಅರ್ಥ. ಡಿಕ್ಷನರಿಯ ಅರ್ಥ ಬೇಡ. 'ಸವಕಳಿ' ಎಂದು ಬರೆದು ಬಾಯಿಪಾಠ ಮಾಡಿದವರಿಗಿಂತ 'ಅಪ್ಪನ ಟ್ರ್ಯಾಕ್ಟರ್ ವರ್ಷ ವರ್ಷ ಹಳೇದಾದಂಗ ರೇಟ್ ಇಳಿಯೋದು' ಎಂದು ಬರೆದವರಿಗೆ ಡಿಪ್ರಿಸಿಯೇಷನ್ ಹೆಚ್ಚು ದಿನ ನೆನಪಿತ್ತು. ಆಮೇಲೆ ಆ ಹದಿನೈದು ಪದಗಳನ್ನು ಬಳಸಿ ದಿನಕ್ಕೆ ಐದು ಚಿಕ್ಕ ಇಂಗ್ಲಿಷ್ ವಾಕ್ಯ. ವ್ಯಾಕರಣ ತಪ್ಪಿದರೆ ತಪ್ಪಲಿ. ಒಂದು ಸೆಮಿಸ್ಟರ್ ಮಾಡಿದರೆ ಉತ್ತರಪತ್ರಿಕೆಯ ಎದುರು ಕೈ ನಡುಗುವುದು ನಿಲ್ಲುತ್ತದೆ. ನಿಮ್ಮ ವಿಷಯದ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆಯೇ ಎಂಬುದನ್ನು ಕೋರ್ಸ್ ಸೇರಿದ ತಿಂಗಳಲ್ಲೇ ವಿಭಾಗದ ಮುಖ್ಯಸ್ಥರನ್ನು ಕೇಳಿ ತಿಳಿದುಕೊಳ್ಳಿ.

ಮೂರನೆಯದು: ಪುಸ್ತಕ ಮುಚ್ಚಿ ಓದಿ

ಹೌದು, ಮುಚ್ಚಿ. ನಾಲ್ಕು ಸಲ ತಿರುವಿ ಹಾಕಿದರೆ ಪಾಠ ಪರಿಚಿತ ಅನಿಸುತ್ತದೆ. ಆ ಪರಿಚಯವನ್ನೇ ನಾವು ಕಲಿಕೆ ಎಂದು ನಂಬುತ್ತೇವೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಒಂದು ಗುಂಪು ಪಾಠವನ್ನು ಮತ್ತೆ ಓದಿತು. ಇನ್ನೊಂದು ಗುಂಪು ಓದಿದ್ದನ್ನು ನೋಡದೆ ಬರೆಯಿತು. ಐದು ನಿಮಿಷದ ಬಳಿಕ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು: ಅವರಿಗೆ ಶೇ 81ರಷ್ಟು ನೆನಪಿತ್ತು, ಬರೆದವರಿಗೆ ಶೇ 75. ಒಂದು ವಾರದ ಬಳಿಕ ಲೆಕ್ಕ ತಿರುಗಿತು. ಮತ್ತೆ ಓದಿದವರಲ್ಲಿ ಉಳಿದದ್ದು ಶೇ 42, ನೋಡದೆ ಬರೆದವರಲ್ಲಿ ಶೇ 56. "ಕ್ಲಾಸಿನ್ಯಾಗ ತಿಳೀತೈತಿ, ರೂಮಿಗೆ ಹೋದ್ರ ಇಲ್ಲ" ಎಂಬ ಮಾತಿಗೆ ಉತ್ತರ ಇಲ್ಲಿದೆ. ಕ್ಲಾಸಿನಲ್ಲಿ ನೀವು ಕೇಳಿದ್ದೀರಿ, ನೆನಪಿನಿಂದ ಎಳೆದು ತೆಗೆಯುವ ಕೆಲಸ ಇನ್ನೂ ಮಾಡಿಲ್ಲ.

ಮಾಡುವ ರೀತಿ ಹೀಗೆ. ಇಪ್ಪತ್ತೈದು ನಿಮಿಷ ಓದಿ, ಪುಸ್ತಕ ಮುಚ್ಚಿ, ಖಾಲಿ ಹಾಳೆಯ ಮೇಲೆ ನೆನಪಿಗೆ ಬಂದದ್ದನ್ನೆಲ್ಲ ಬರೆಯಿರಿ. ಆಮೇಲೆ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ಕೆಂಪು ಪೆನ್ನಿನಲ್ಲಿ ಸೇರಿಸಿ. ಮರುದಿನ, ಮೂರನೇ ದಿನ, ವಾರಕ್ಕೊಮ್ಮೆ ಅದೇ ಪಾಠವನ್ನು ಮತ್ತೆ ಖಾಲಿ ಹಾಳೆಯಲ್ಲಿ. ಕೆಂಪು ಬಣ್ಣ ದಿನದಿಂದ ದಿನಕ್ಕೆ ಕಡಿಮೆಯಾಗುವುದನ್ನು ಕಣ್ಣಾರೆ ಕಂಡಾಗ ಬರುವ ಧೈರ್ಯವನ್ನು ನನ್ನ ಯಾವ ಉಪದೇಶವೂ ಕೊಟ್ಟಿಲ್ಲ.

ಹಳೇ ಪ್ರಶ್ನೆಪತ್ರಿಕೆ ಹುಡುಕುವಾಗ ಒಂದು ಎಚ್ಚರ. ಕೊಪ್ಪಳದ ಕಾಲೇಜುಗಳು ಮೊದಲು ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯಕ್ಕೆ ಸೇರಿದ್ದವು, ರಾಯಚೂರಿನವು ಗುಲ್ಬರ್ಗ ವಿಶ್ವವಿದ್ಯಾಲಯಕ್ಕೆ. ಆಮೇಲೆ ಎರಡೂ ಜಿಲ್ಲೆಗೆ ಸ್ವಂತ ವಿಶ್ವವಿದ್ಯಾಲಯಗಳು ಬಂದವು. ಸೀನಿಯರ್ ಕೊಟ್ಟ ಝೆರಾಕ್ಸ್ ಕಟ್ಟಿನ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರಿದೆ, ಯಾವ ಸಿಲೆಬಸ್ಸಿನದು ನೋಡಿಕೊಳ್ಳಿ. ಬೇರೆ ಸಿಲೆಬಸ್ಸಿನ ಪ್ರಶ್ನೆ ಬಿಡಿಸಿ ಒಂದು ತಿಂಗಳು ಕಳೆದವರನ್ನು ನೋಡಿದ್ದೇನೆ.

ನಾಲ್ಕನೆಯದು: ಮೆಂಟರ್ ಹತ್ತಿರ ಹೋಗುವುದು ಹೇಗೆ

ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಮಾನ್ಯತೆಗಾಗಿ ಕಾಲೇಜುಗಳು ವಿದ್ಯಾರ್ಥಿಗಳನ್ನು ಚಿಕ್ಕ ಗುಂಪುಗಳಾಗಿ ಮಾಡಿ ಒಬ್ಬೊಬ್ಬ ಅಧ್ಯಾಪಕರಿಗೆ ಒಪ್ಪಿಸುತ್ತವೆ. ಆ ಅಧ್ಯಾಪಕರೇ ಮೆಂಟರ್. ನಿಮ್ಮ ಹೆಸರೂ ಯಾವುದೋ ಮೆಂಟರ್ ಪುಸ್ತಕದಲ್ಲಿ ಇರಬಹುದು, ನಿಮಗೇ ಗೊತ್ತಿರಲಿಕ್ಕಿಲ್ಲ. ಆಫೀಸಿನಲ್ಲಿ ಕೇಳಿ. ಅವರು ಅತಿಥಿ ಉಪನ್ಯಾಸಕರಾಗಿದ್ದು ಮುಂದಿನ ವರ್ಷ ಬದಲಾಗಬಹುದು, ಅಥವಾ ನಿಮಗೆ ಅವರೊಡನೆ ಮನಸ್ಸು ಬಿಚ್ಚಲು ಆಗದಿರಬಹುದು. ಹಾಗಿದ್ದರೆ ಪಾಠ ಕೇಳಿ ನಿಮಗೆ ನಂಬಿಕೆ ಬಂದ ಯಾವ ಮೇಷ್ಟ್ರು, ಮೇಡಂ ಆದರೂ ಸರಿ. ಲೈಬ್ರರಿಯನ್ ಆದರೂ ಸರಿ.

ಯಾವಾಗ ಹೋಗಬೇಕು? ಸೆಮಿಸ್ಟರಿನ ಮೂರನೇ ವಾರ. ಆಗ ಹೋದರೆ ನಾವು ಏನಾದರೂ ಮಾಡಬಹುದು. ಹಾಲ್ ಟಿಕೆಟ್ ಬರುವ ವಾರ ಬಂದವರಿಗೆ ಧೈರ್ಯ ಹೇಳುವುದೊಂದೇ ಉಳಿದಿರುತ್ತದೆ. ಹಾಜರಾತಿ ಕೊರತೆಯ ವಿಷಯವಂತೂ ಕೊನೆಗೆ ಯಾರ ಕೈಯಲ್ಲೂ ಇರುವುದಿಲ್ಲ. ಮನೆಯವರ ಜೊತೆ ಗುಳೆ ಹೋಗಬೇಕಾಗಿ ಬಂದರೆ, ಸುಗ್ಗಿಯಲ್ಲಿ ಕೂಲಿಗೆ ಹೋಗಲೇಬೇಕಾದರೆ, ಹೋಗುವ ಮೊದಲು ಬಂದು ಹೇಳಿ. ಹಿಂದಿನಿಂದ ಹೇಳಿದ ಕಾರಣ ನೆಪದಂತೆ ಕೇಳಿಸುತ್ತದೆ, ಎಷ್ಟೇ ನಿಜವಿದ್ದರೂ.

ಏನು ಹೇಳಬೇಕೆಂದು ಹೊಳೆಯದೆ ಬಾಗಿಲ ತನಕ ಬಂದು ಮರಳಿ ಹೋಗುವವರು ಬಹಳ. ಚೀಟಿಯಲ್ಲಿ ಮೂರು ಸಾಲು ಬರೆದು ತನ್ನಿ: ಏನು ನಡೆಯುತ್ತಿದೆ, ನಾನು ಈಗಾಗಲೇ ಏನು ಮಾಡಿ ನೋಡಿದೆ, ನಿಮ್ಮಿಂದ ಏನು ಬೇಕು. "ಸರ, ಅಕೌಂಟೆನ್ಸಿಯೊಳಗ ಮೂರನೇ ಅಧ್ಯಾಯದಿಂದ ಮುಂದ ತಿಳೀವಲ್ದು. ಎರಡು ಸಲ ಓದೀನಿ. ಬುಧವಾರ ಅರ್ಧ ತಾಸು ಹೇಳಿಕೊಡ್ತೀರೇನ್ರಿ?" ಇಷ್ಟು ಕೇಳಿದವರನ್ನು ಬರಿಗೈಲಿ ಕಳಿಸುವ ಅಧ್ಯಾಪಕರು ಕಡಿಮೆ. ಒಬ್ಬರು ಕಳಿಸಿದರೆ ಇನ್ನೊಬ್ಬರ ಹತ್ತಿರ ಹೋಗಿ. ಒಬ್ಬರೇ ಹೋಗಲು ಅಂಜಿಕೆಯಾದರೆ ಗೆಳತಿಯನ್ನು ಕರೆದುಕೊಂಡು ಹೋಗಿ.

ಐದನೆಯದು: ಹೊಟ್ಟೆ, ರಕ್ತ, ನಿದ್ದೆ

ಬೆಳಿಗ್ಗೆ ಏನೂ ತಿನ್ನದೆ ಬಂದು ಹನ್ನೊಂದಕ್ಕೆ ಒಗ್ಗರಣೆ ಮಿರ್ಚಿ, ಮೇಲೆ ಒಂದು ಚಹಾ. ಹಾಸ್ಟೆಲಿನಲ್ಲಿ ರಾತ್ರಿ ಊಟ ತಪ್ಪಿದರೆ ಬಿಸ್ಕತ್ತು. ಹೀಗೆ ನಡೆದರೆ ಮಧ್ಯಾಹ್ನದ ಕ್ಲಾಸಿನಲ್ಲಿ ಕಣ್ಣು ಎಳೆಯುವುದು ಸಹಜ.

ಹುಡುಗಿಯರಿಗೆ ಒಂದು ಮಾತು ಒತ್ತಿ ಹೇಳುತ್ತೇನೆ. ಮೆಟ್ಟಿಲು ಹತ್ತಿದರೆ ಏದುಸಿರು, ಸದಾ ಸುಸ್ತು, ಓದಲು ಕುಂತರೆ ತಲೆ ಭಾರ ಎಂದಾದರೆ ಸರ್ಕಾರಿ ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ ನೋಡಿಸಿ. ಮಹಿಳೆಯರಲ್ಲಿ 12 ಗ್ರಾಂಗಿಂತ, ಪುರುಷರಲ್ಲಿ 13 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಸೋಮಾರಿ ಎಂದು ಮನೆಯಲ್ಲಿ ಬೈಸಿಕೊಳ್ಳುವ ಹುಡುಗಿಗೆ ನಿಜಕ್ಕೂ ಬೇಕಾದದ್ದು ಕಬ್ಬಿಣಾಂಶದ ಗುಳಿಗೆ ಇರಬಹುದು. ಡಾಕ್ಟರು ಹೇಳಿದಷ್ಟು ತಿಂಗಳು ಬಿಡದೆ ತೆಗೆದುಕೊಳ್ಳಿ. ಊಟಕ್ಕೆ ನಿಂಬೆಹಣ್ಣು ಹಿಂಡಿಕೊಂಡರೆ ಕಾಳು, ಸೊಪ್ಪಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಅಷ್ಟಾಗಿ ಹತ್ತುವುದಿಲ್ಲ.

ನಿದ್ದೆ ಕನಿಷ್ಠ ಏಳು ತಾಸು ಬೇಕು. ಹಗಲು ಓದಿದ್ದು ಗಟ್ಟಿಯಾಗುವುದು ನಿದ್ದೆಯಲ್ಲಿ. ರಾಯಚೂರಿನ ಏಪ್ರಿಲ್, ಮೇ ಸೆಖೆಯಲ್ಲಿ ರೂಮಿನೊಳಗೆ ಮಲಗಲಾಗದಿದ್ದರೆ ಮಾಳಿಗೆ ಮೇಲೆ ಮಲಗಿ, ನಸುಕಿನಲ್ಲಿ ತಂಪಿರುವಾಗ ಓದಿ. ಪರೀಕ್ಷೆಯ ಹಿಂದಿನ ರಾತ್ರಿ ಜಾಗರಣೆ ಬೇಡವೇ ಬೇಡ.

ಆರನೆಯದು: ದುಡ್ಡಿನ ಕೆಲಸ ಮೊದಲ ತಿಂಗಳಲ್ಲೇ

ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶ, ಅಂದರೆ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕುವ ಮೊದಲು ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಬ್ಯಾಂಕಿನಲ್ಲೇ ಕೇಳಿ. ಹಣ ಬಾರದಿರಲು ಮುಖ್ಯ ಕಾರಣಗಳಲ್ಲಿ ಇದೊಂದು. ಜಾತಿ, ಆದಾಯ ಪತ್ರದ ಅವಧಿ ನೋಡಿಕೊಳ್ಳಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ಊಟ, ವಸತಿಗೆ ವಿದ್ಯಾಸಿರಿ ಇದೆ. ಹುಡುಗಿಯರಿಗೆ 2023ರ ಜೂನ್‌ನಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡು ಇಲ್ಲ. ಹುಡುಗರು ಬಸ್ ಪಾಸ್ ಮಾಡಿಸಲು ತಡ ಮಾಡಬೇಡಿ. ಪರೀಕ್ಷೆ ಫೀಸಿಗೆ ಕಷ್ಟವಾದರೆ ಬಾಯಿಬಿಟ್ಟು ಹೇಳಿ. ಹೇಳಿದವರಿಗೆ ನಾವು ಅಧ್ಯಾಪಕರೇ ಕೂಡಿಸಿ ಕಟ್ಟಿದ್ದುಂಟು.

ಏಳನೆಯದು: ಮನಸ್ಸಿನ ಗಂಟು

ಒಂದು ದಿನ ಬೇಸರ, ರಿಸಲ್ಟ್ ಬಂದಾಗ ಅಳು, ಮನೆ ನೆನಪು ಎಲ್ಲರಿಗೂ ಇರುತ್ತದೆ. ಆದರೆ ಎರಡು ವಾರ ಕಳೆದರೂ ದಿನದ ಬಹುಪಾಲು ಮನಸ್ಸು ಮಂಕಾಗಿದ್ದರೆ, ಮೊದಲು ಖುಷಿ ಕೊಡುತ್ತಿದ್ದ ಕ್ರಿಕೆಟ್ಟು, ಹಾಡು, ಗೆಳೆಯರು ಬೇಡವಾದರೆ, ನಿದ್ದೆ ಕೆಟ್ಟರೆ, ಊಟ ಸೇರದಿದ್ದರೆ, ನಾನು ಯಾತಕ್ಕೂ ಬಾರದವ ಎಂಬ ಯೋಚನೆ ಬಿಡದೆ ಕಾಡಿದರೆ ಅದು ಚಿಕಿತ್ಸೆ ಬೇಕಾದ ಸ್ಥಿತಿ. ಟೈಮ್ ಟೇಬಲ್ ಬದಲಿಸಿದರೆ ಅದು ಹೋಗುವುದಿಲ್ಲ.

14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಎದುರು ಕುಂತು ಮಾತಾಡಬೇಕೆಂದರೆ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ. ಅಲ್ಲಿ ಚೀಟಿ ಮಾಡಿಸಿ ಮನೋವೈದ್ಯ ವಿಭಾಗ ಎಂದು ಹೇಳಿ. ತಾಲ್ಲೂಕಿನವರಿಗೆ ಮನೋಚೈತನ್ಯ ಕಾರ್ಯಕ್ರಮವಿದೆ. ಅದರಡಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ನಿಮ್ಮಲ್ಲಿ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿ. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಅರ್ಹ ಆಪ್ತಸಮಾಲೋಚಕರು ಇರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ನಿರ್ದೇಶನ ಕೊಟ್ಟಿದೆ. ನಿಮ್ಮ ಕಾಲೇಜಿನಲ್ಲಿ ಇಲ್ಲದಿದ್ದರೆ ನಾಲ್ಕು ಜನ ಸೇರಿ ಪ್ರಾಂಶುಪಾಲರಿಗೆ ಅರ್ಜಿ ಬರೆಯಿರಿ. ಇದು ನಿಮ್ಮ ಹಕ್ಕಿನ ಮಾತು.

"ಊರಾಗ ಗೊತ್ತಾದ್ರ ನನ್ನ ಮದುವಿ ಆಗಂಗಿಲ್ರಿ" ಎಂದು ಒಬ್ಬಳು ಅಂದಿದ್ದಳು. ಆ ಅಂಜಿಕೆ ನನಗೆ ಅರ್ಥವಾಗುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಮ್ಮ ಚಿಕಿತ್ಸೆಯ ವಿಷಯವನ್ನು ಗುಟ್ಟಾಗಿಡುವ ಹಕ್ಕು ಕೊಟ್ಟಿದೆ. ಜೀವಕ್ಕೆ ಅಪಾಯದಂಥ, ಕಾಯ್ದೆಯೇ ಹೇಳಿದ ಕೆಲವು ಸಂದರ್ಭ ಬಿಟ್ಟರೆ ಡಾಕ್ಟರು ಅದನ್ನು ಹೊರಗೆ ಹೇಳುವಂತಿಲ್ಲ. ಮನೆಯವರು ಗಾಳಿ ಸೋಕಿದೆ ಎಂದು ಗುಡಿಗೋ ದರ್ಗಾಕ್ಕೋ ಕರೆದೊಯ್ದರೆ ಜಗಳವಾಡಬೇಡಿ. ಹೋಗಿ ಬನ್ನಿ, ಅವರ ಪ್ರೀತಿ ಅದು. "ನಿಮ್ಮ ಮಾತು ಕೇಳೀನಿ, ಈಗ ನನ್ನ ಮಾತು ಕೇಳ್ರಿ" ಎಂದು ಮರುದಿನ ಅವರನ್ನೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಕೊನೆಯ ವರ್ಷದ ಹುಡುಗಿಯರಲ್ಲಿ ಎಷ್ಟೋ ಸಲ ಮನಸ್ಸಿನ ಗಂಟು ಮದುವೆ ಮಾತಿನಿಂದ ಶುರುವಾಗುತ್ತದೆ. ನಿಶ್ಚಿತಾರ್ಥಕ್ಕೆ ಮೊದಲು ನಿಮ್ಮ ಮೇಡಂ ಒಬ್ಬರಿಗೆ ತಿಳಿಸಿ. ಮನೆಗೆ ಹೋಗಿ "ಇನ್ನೊಂದು ವರ್ಷ ಓದಲಿ" ಎಂದು ಅಪ್ಪನ ಎದುರು ಕುಂತು ಹೇಳಿದಾಗ ಒಪ್ಪಿದವರಿದ್ದಾರೆ.

ಗೆಳೆಯ ಮೌನವಾಗಿದ್ದರೆ

ರೂಮ್‌ಮೇಟ್ ಒಬ್ಬನೇ ಇರತೊಡಗಿದ್ದಾನೆ, ತನ್ನ ವಸ್ತು ಹಂಚಿಬಿಡುತ್ತಿದ್ದಾನೆ, "ನಾ ಇದ್ರೆಷ್ಟು ಬಿಟ್ರೆಷ್ಟು" ಎನ್ನುತ್ತಿದ್ದಾನೆ ಎಂದಾದರೆ ನೇರವಾಗಿ ಕೇಳಿ: "ಸಾಯಬೇಕು ಅನ್ನೋ ವಿಚಾರ ಬರ್ತೈತೇನು?" ಹೀಗೆ ಕೇಳುವುದರಿಂದ ಇಲ್ಲದ ಯೋಚನೆ ತಲೆಯಲ್ಲಿ ಹುಟ್ಟುವುದಿಲ್ಲ. ಯಾರೋ ಕೇಳಿದರಲ್ಲ ಎಂದು ಎದೆ ಹಗುರಾಗುತ್ತದೆ. ಹೌದೆಂದರೆ ಬುದ್ಧಿ ಹೇಳಲು ಹೋಗಬೇಡಿ. ಪಕ್ಕದಲ್ಲೇ ಇರಿ, ಒಬ್ಬನನ್ನೇ ಬಿಡಬೇಡಿ. ವಾರ್ಡನ್ ಅಥವಾ ಮೇಷ್ಟ್ರನ್ನು ಕರೆಯಿರಿ, 14416ಕ್ಕೆ ಇಬ್ಬರೂ ಕುಂತು ಫೋನ್ ಮಾಡಿ. ತುರ್ತಾದರೆ 112. "ಯಾರಿಗೂ ಹೇಳಬ್ಯಾಡ" ಎಂದು ಆಣೆ ಹಾಕಿಸಿಕೊಂಡಿದ್ದರೂ ಆ ಆಣೆ ಮುರಿಯಿರಿ. ಮನೆಗೆ ಕಳಿಸುವಾಗ, ಹೊಲಕ್ಕೆ ಹೊಡೆಯುವ ಎಣ್ಣೆಯನ್ನು, ಅಂದರೆ ಕೀಟನಾಶಕವನ್ನು, ಬೀಗ ಹಾಕಿ ದೂರ ಇಡುವಂತೆ ಅವರಪ್ಪನಿಗೆ ಮೊದಲೇ ಹೇಳಿ.

ಯಾವುದೋ ವಿಷಯದಲ್ಲಿ ಫೇಲಾಗಿ ಬ್ಯಾಕ್ ಉಳಿದ ದಿನವೂ ಗೆಳೆಯರ ಜೊತೆಯಲ್ಲೇ ಇರಿ. ಮರುದಿನ ಉತ್ತರಪತ್ರಿಕೆಯ ನಕಲು, ಮರುಮೌಲ್ಯಮಾಪನದ ಕೊನೆಯ ದಿನಾಂಕ ನೋಡಿ. ಅದು ಬೇಗ ಮುಗಿಯುತ್ತದೆ.

ಮೂರು ವಾರ ಬಿಟ್ಟು ಮತ್ತೆ ಅದೇ ನೋಟ್‌ಬುಕ್

ಮೊದಲ ಹೆಜ್ಜೆಯಲ್ಲಿ ಬರೆದ ಏಳು ಪುಟ ನೆನಪಿದೆಯಲ್ಲ? ಮೂರು ವಾರದ ನಂತರ ಇನ್ನೊಂದು ವಾರ ಹಾಗೆಯೇ ಬರೆದು, ಎರಡನ್ನೂ ಪಕ್ಕಪಕ್ಕ ಇಟ್ಟು ಮೆಂಟರ್ ಮುಂದೆ ಕುಳಿತುಕೊಳ್ಳಿ. ಎಮ್ಮೆ ಕೆಲಸದ ಹುಡುಗನ ಎರಡನೇ ಕಂತಿನ ಪುಟದಲ್ಲಿ ಏಳುವುದು ಐದೂವರೆಗೇ, ಬಸ್ಸು ನಾಲ್ಕೂವರೆಗೇ. ನಿಜವಾದ ಓದು ಮಾತ್ರ 40 ನಿಮಿಷದಿಂದ ಒಂದು ತಾಸು 50 ನಿಮಿಷಕ್ಕೆ ಬಂದಿತ್ತು. ಕೆಳಗೆ ಅವನೇ ಪೆನ್ಸಿಲಿನಲ್ಲಿ ಬರೆದಿದ್ದ: "ಇಂಗ್ಲಿಷ್ ಇನ್ನೂ ಉಳದೈತಿ. ಸೋಮವಾರ ಬರ್ತೀನ್ರಿ."